ಅತ್ತೆ ಸುರಿಸಿದ ಮಳೆ

ಕಪ್ಪೆ ಸಾಕುತ್ತೇನೆಂದು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚ. ನಾಯಿ ಸಾಕಿದವನನ್ನು ಜನ ತಳಿ ಯಾವುದೆಂದು ಕೇಳುತ್ತಾರೆ. ಕಪ್ಪೆ ಸಾಕಿದವನನ್ನು ಕಾರಣ ಕೇಳುತ್ತಾರೆ.

ಕಾರಣ ದೊಡ್ಡದೇನಲ್ಲ. ಬಣ್ಣದ ಮೀನು ತರಲು ಆರ್.ಟಿ. ನಗರದ ಅಂಗಡಿಗೆ ಹೋದವನು, ಗಾಜಿನೊಳಗಿಂದ ನನ್ನನ್ನೇ ದಿಟ್ಟಿಸುತ್ತಿದ್ದ ಎರಡು ಬಿಳಿ ಕಪ್ಪೆಗಳಿಗೆ ಸೋತೆ. ‘ಆಫ್ರಿಕಾದ್ದು ಸಾರ್. ಯಾವಾಗ್ಲೂ ನೀರಲ್ಲೇ ಇರ್ತವೆ. ಜೋಡಿ ಇದೆ, ತಗೊಂಡೋಗಿ,’ ಎಂದರು ಅಂಗಡಿಯ ಖಾದರ್ ಭಾಯ್.

ನಾನು ಕೊಡಿಗೇಹಳ್ಳಿಯಲ್ಲಿ ಮನೆ ಅಳಿಯ. ಟಿ.ವಿ. ಪಕ್ಕದ ಗಾಜಿನ ತೊಟ್ಟಿ ಕಂಡು ಅತ್ತೆ ನನ್ನ ಹೆಂಡತಿಗೆ ಹೇಳಿದರು: ‘ಮಳೆ ಬಂದ್ರೆ ಬಚ್ಚಲಿಗೇ ಬತ್ತಿದ್ವಲ್ಲೇ, ಅವನ್ನ ದುಡ್ಡು ಕೊಟ್ಟು ತಂದವ್ರಾ?’ ಆಗಿನ್ನೂ ಅವರು ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ.

ಈ ಕಪ್ಪೆಗೆ ನಾಲಿಗೆಯಿಲ್ಲ. ಎರಡೂ ಕೈಯಿಂದ ತುತ್ತನ್ನು ಬಾಯಿಗೆ ತುರುಕಿಕೊಳ್ಳುತ್ತದೆ. ಆದರೂ ಗಂಡು ನೀರೊಳಗೇ ಟಿಕ್ ಟಿಕ್ ಎಂದು ಹಾಡುತ್ತದೆ. ನಮ್ಮದು ಎರಡು ವರ್ಷ ಹಾಡಿತು, ಹೆಣ್ಣು ಕಿವಿಗೊಡಲಿಲ್ಲ. ನಾನು ಓದಬೇಕಾದ್ದೆಲ್ಲ ಓದಿದೆ, ತಿನಿಸು ಬದಲಿಸಿದೆ, ಏಕಾಂತಕ್ಕೆಂದು ತೊಟ್ಟಿಗೆ ಹಳೆಯ ಪಂಚೆಯನ್ನೂ ಹೊದಿಸಿದೆ.

ಒಂದು ಬೇಸಿಗೆಯ ಸಂಜೆ ಅತ್ತೆ ತಡೆಯಲಾರದೆ ನನ್ನತ್ತಲೇ ತಿರುಗಿದರು. ‘ಅಳಿಯಂದ್ರೇ, ಮಳೆ ಇಲ್ದೆ ಕಪ್ಪೆ ಎಲ್ಲಾನಾ ಮೊಟ್ಟೆ ಇಕ್ತದಾ? ಇಂಗೆ ಬೆಚ್ಚಗೆ ಮಡಗಿದ್ರೆ?’

ಮಡಕೆಯ ತಣ್ಣೀರನ್ನು ಅವರೇ ಜರಡಿಯ ಮೂಲಕ ತೊಟ್ಟಿಗೆ ಸುರಿದರು. ಬೆಳಿಗ್ಗೆ ನೋಡಿದರೆ ತೊಟ್ಟಿಯೊಳಗಿನ ಗಿಡಗಳ ತುಂಬ ಸಾಸಿವೆಯಂಥ ಮೊಟ್ಟೆಗಳು! ನಾನು ಫೋಟೊ ತೆಗೆಯಲು ಮೊಬೈಲ್ ಹುಡುಕುವಷ್ಟರಲ್ಲಿ ಹೆತ್ತ ಅಪ್ಪ ಅಮ್ಮನೇ ಸೇರಿ ಅವನ್ನು ತಿನ್ನತೊಡಗಿದ್ದರು.

‘ನೋಡ್ತಾ ನಿಂತ್ರೆ? ಬಕೆಟ್ ತನ್ನಿ!’ ಎಂದು ಕೂಗಿದ ಅತ್ತೆ ಸೆರಗು ಸಿಕ್ಕಿಸಿ, ತೊಟ್ಟಿಗೆ ಕೈಹಾಕಿ ಗಿಡಗಳನ್ನೇ ಕಿತ್ತು ಬಕೆಟ್ಟಿಗೆ ಹಾಕಿದರು.

ಹುಟ್ಟಿದ ಗೊದಮೊಟ್ಟೆಗಳಿಗೆ ಮೀನಿಗಿರುವಂತೆ ಮೀಸೆಯಿತ್ತು. ಮೋಸಹೋದೆನೆಂದು ಗಾಬರಿಯಾಗಿ ಖಾದರ್ ಭಾಯ್‌ಗೆ ಫೋನ್ ಮಾಡಿದೆ. ‘ಮೀಸೆ ಇರ್ಬೇಕು ಸಾರ್. ಕಾಲು ಬರೋವರ್ಗೂ ಕಾಯಿರಿ,’ ಎಂದರು. ಅತ್ತೆ ಬಟಾಣಿ ಬೇಯಿಸಿ, ಅರೆದು, ಸೋಸಿದ ನೀರು ಹಾಕಿ ಸಾಕಿದರು. ಎರಡು ತಿಂಗಳಿಗೆ ಇಪ್ಪತ್ತಮೂರು ಮರಿಗಳು ಕಾಲು ಚಾಚಿದವು.

‘ಕೆರೆಗೆ ಬಿಡಣ,’ ಎಂದರು ಅತ್ತೆ.

‘ಬೇಡಿ ಅತ್ತೆ. ಪರದೇಶದವು, ನಮ್ಮ ಕೆರೆ ಕಪ್ಪೆಗಳಿಗೆ ಕಂಟಕ.’

ಕೊನೆಗೆ ಖಾದರ್ ಭಾಯ್ ಒಯ್ಯಲು ಬಂದರು. ಅತ್ತೆ ಅವರನ್ನು ಕೂರಿಸಿ ಕಾಫಿ ಕೊಟ್ಟು ವಿಚಾರಣೆಗೆ ತೊಡಗಿದರು. ‘ಜಾಗ ಐತಾ? ನೀರು ತಣ್ಣಗಿರ್ತದಾ? ಸಿಕ್ಕಸಿಕ್ಕವ್ರಿಗೆ ಕೊಟ್ಬಿಡ್ತೀರಾ?’

ನನಗೆ ಮಗಳನ್ನು ಕೊಡುವಾಗಲೂ ಅವರು ಇಷ್ಟು ವಿಚಾರಿಸಿರಲಿಲ್ಲ. ಬೇಸರವೇನಿಲ್ಲ, ಏನೇನು ಕೇಳಬೇಕೆಂದು ಅಳಿಯನನ್ನು ಸಾಕಿದ ಮೇಲೆ ತಾನೇ ತಿಳಿಯುವುದು.