ಮರೆವ್ವನ ಕೌದಿಗೆ ಬಿದ್ದ ಎರಡು ಬಣ್ಣ

ಬೈಲಹೊಂಗಲದ ನಮ್ಮ ಬಡಾವಣೆಯ ನಕಾಶೆಯಲ್ಲಿ 'ಉದ್ಯಾನ' ಎಂದು ಹಸಿರು ಬಳಿದ ಜಾಗವೊಂದಿದೆ. ನಿಜದಲ್ಲಿ ಅಲ್ಲಿರುವುದು ಒಂದು ಬೇವಿನ ಗಿಡ, ನಾಲ್ಕು ಕಲ್ಲು ಮತ್ತು 'ಇಲ್ಲಿ ಯಾವುದೇ ಕೆಲಸ ಮಾಡಬಾರದು' ಎಂಬ ಬೋರ್ಡು. ಬೋರ್ಡು ಹಾಕಿಸಿದವರು ಬಡಾವಣೆ ಕಮಿಟಿಯ ಅಧ್ಯಕ್ಷ ಹನುಮಪ್ಪ. ಆ ಬೋರ್ಡಿನ ಕಂಬಕ್ಕೇ ಅವರ ಎಮ್ಮೆ ಕಟ್ಟಿರುತ್ತಿತ್ತು, ಆ ಮಾತು ಬೇರೆ.

ಯುಗಾದಿಯ ಹೊತ್ತಿಗೆ ಕಟಕೋಳದಿಂದ ಮರೆವ್ವ ಬಂದಳು. ಜೊತೆಗೆ ಮಾರ್ಕೆಟ್ ಯಾರ್ಡಿನಲ್ಲಿ ತೂಕ ಮಾಡುವ ಮಗ ಸಾಗರ, ಸೊಸೆ ಪೂನಮ್. ಮರೆವ್ವನಿಗೆ ಒಂದೇ ಹುಚ್ಚು, ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದು. ಮಾರಲಿಕ್ಕಲ್ಲ, ಕೈ ಸುಮ್ಮನೆ ಕೂರುವುದಿಲ್ಲ, ಅಷ್ಟೇ. ಅವರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೌದಿ ಹಾಸಿದರೆ ಮನೆಮಂದಿಯೆಲ್ಲ ಗೋಡೆ ಹತ್ತಬೇಕು. ಹಾಗಾಗಿ ಬೇವಿನ ಗಿಡದ ಕೆಳಗೆ ಹಾಸುತ್ತಿದ್ದಳು.

ಆದರೆ ಈ ಸಲ ಹೊಲಿಯುತ್ತಿದ್ದ ಕೌದಿ ಬರೀ ಹುಚ್ಚಿನದಲ್ಲ. ಪೂನಮ್‌ಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಏಳು ತಿಂಗಳಾಗಿತ್ತು. ಹಾಗೆ ಕಳೆದುಕೊಂಡ ಮನೆಯಲ್ಲಿ ಹುಟ್ಟುವ ಕೂಸನ್ನು ಹತ್ತು ಮನೆಯವರು ಉಟ್ಟು ಹಳೆಯದಾದ ಬಟ್ಟೆಯ ಮೇಲೆ ಮಲಗಿಸಿದರೆ ಅದು ಉಳಿಯುತ್ತದೆ ಎಂಬುದು ಮರೆವ್ವನ ಕಡೆಯವರ ನಂಬಿಕೆ.

"ಬಾಯಾರ, ಒಂದು ಹಳೇ ಸೀರಿ ಕೊಡ್ರಿ. ಹರದಿದ್ರೂ ನಡಿತೈತಿ. ನೀವು ಉಟ್ಟದ್ದು ಇರಬೇಕು, ಅಷ್ಟ" ಎಂದು ನಮ್ಮ ಬಾಗಿಲಿಗೂ ಬಂದಳು. ನಾನು ಸಾಲೆಯಲ್ಲಿ ಕಲಿಸುವವಳು, ಮೂಢನಂಬಿಕೆಯ ಮೇಲೆ ಭಾಷಣ ಬಿಗಿಯುವವಳು. ಆದರೂ ಗುರುತಿಲ್ಲದ ಹೆಂಗಸೊಬ್ಬಳು ನಾನು ಉಟ್ಟ ಸೀರೆ ಕೇಳಿದಾಗ ಹೆದರಿಕೆಯಾಯಿತು. ಮಾಟಗೀಟ ಮಾಡಿಸಿಬಿಟ್ಟರೆ? ಒಳಗೆ ಹೋಗಿ, ಹಿಂದಿನ ಪುರಸಭೆ ಚುನಾವಣೆಯಲ್ಲಿ ಹಂಚಿದ್ದ ಗುಲಾಬಿ ಶಾಲನ್ನು ತಂದುಕೊಟ್ಟೆ. ಅದರ ಮಡಿಕೆಯೂ ಬಿಚ್ಚಿರಲಿಲ್ಲ. ಜಾಣೆ ನಾನೊಬ್ಬಳೇ ಅಂದುಕೊಂಡಿದ್ದೆ. ಅಯ್ಯ, ಸಾಲಿನ ಎಲ್ಲ ಮನೆಯಲ್ಲೂ ಅದೇ ಜಾಣತನ! ಕೆಲವರು ಗುಲಾಬಿ ಕೊಟ್ಟರು, ಕೆಲವರು ಅದೇ ಚುನಾವಣೆಯಲ್ಲಿ ಗುಲಾಬಿಯವರ ಎದುರು ನಿಂತಿದ್ದ ಹನುಮಪ್ಪನ ಹಳದಿ ಶಾಲು ಕೊಟ್ಟರು.

ಮರೆವ್ವ ಎಲ್ಲವನ್ನೂ ಕೌದಿಗೆ ಹೊಲಿದಳು.

ಎಮ್ಮೆ ಬಿಚ್ಚಲು ಬಂದ ಹನುಮಪ್ಪ ಕೌದಿ ನೋಡಿ ನಿಂತೇಬಿಟ್ಟರು. ಚುನಾವಣೆ ಮತ್ತೆ ಹತ್ತಿರ ಬಂದಿತ್ತು.

"ನಡುವ ಅವರ ಗುಲಾಬಿ, ಕಾಲಾಗ ನನ್ನ ಹಳದಿ! ಯಾರು ಹೇಳಿ ಮಾಡಸ್ಯಾರ ಇದನ್ನ?"

ಮರುದಿನವೇ ಗಿಡದ ಕೆಳಗೆ ಕಮಿಟಿ ಸೇರಿತು. ಉದ್ಯಾನದ ಜಾಗದಲ್ಲಿ ಕೆಲಸ ಮಾಡಿದ್ದು ಒಂದು ತಪ್ಪು, ಪ್ರಚಾರ ಮಾಡಿದ್ದು ಇನ್ನೊಂದು. ಕೌದಿ ಬಿಚ್ಚಬೇಕು, ಇಲ್ಲವೇ ಮನೆ ಬಿಡಬೇಕು. ಮನೆಯ ಮಾಲೀಕನನ್ನೂ ಹನುಮಪ್ಪ ಮೊದಲೇ ಒಪ್ಪಿಸಿಟ್ಟಿದ್ದರು. ದಿನ ತುಂಬುತ್ತಿರುವ ಹುಡುಗಿಯನ್ನು ಕರೆದುಕೊಂಡು ಇವರು ಎಲ್ಲಿಗೆ ಹೋಗಬೇಕು?

"ಪ್ರಚಾರ ಅಂದ್ರ ಏನಂತ ನನಗೇನ ಗೊತ್ತರಿ ಯಪ್ಪಾ" ಎಂದಳು ಮರೆವ್ವ. "ಕೂಸು ಉಚ್ಚಿ ಹೊಯ್ಯೂದು ನಡುವ. ಕಾಲಾಗಿನ ನಿಮ್ಮ ಹಳದಿ ತೊಯ್ಯೂದಿಲ್ಲ ಬಿಡ್ರಿ."

ಸಭೆಯೆಲ್ಲ ಘೊಳ್ಳೆಂದಿತು. ಹನುಮಪ್ಪನ ಮುಖ ಕೆಂಪಾಯಿತು. "ನಿಯಮ ಅಂದ್ರ ನಿಯಮ. ಬಿಚ್ಚು!"

ಮರೆವ್ವ ಕತ್ತರಿ ತೆಗೆದುಕೊಂಡು ನಮ್ಮೆಲ್ಲರ ಕಡೆ ತಿರುಗಿದಳು.

"ಬಿಚ್ಚತೇನಿ. ಆದ್ರ ಒಂದು ಹೇಳ್ರಿ. ಇದರಾಗ ನೀವು ಮೈಮ್ಯಾಲ ಹಾಕ್ಕೊಂಡ ಅರಿವಿ ಒಂದರ ಐತೇನು? ಸೀರಿ ಯಾಕ ಕೊಡಲಿಲ್ಲ ಅನ್ನೂದು ನನಗ ತಿಳಿಯೂದಿಲ್ಲೇನು? ಎಲ್ಲಾರೂ ಉಟ್ಟದ್ದ ಕೊಟ್ಟಾರವಾ, ಈ ಕೂಸು ಉಳೀತೈತಿ ಅಂತ ನನ್ನ ಸೊಸಿಗೆ ಸುಳ್ಳು ಹೇಳೇನಿ."

ಪೂನಮ್ ಅಂದು ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದಳು, ಪುಣ್ಯ. ಮೊದಲ ಹೊಲಿಗೆಗೆ ಕತ್ತರಿ ತಾಗುವಷ್ಟರಲ್ಲಿ ನಾನು ಎದ್ದು ಮನೆಗೆ ಓಡಿದೆ. ನನ್ನ ಮಗಳಿಗೆ ಹಾಲುಣಿಸುವಾಗ ದಿನಾ ಉಡುತ್ತಿದ್ದ ಇಳಕಲ್ ಸೀರೆ ಟ್ರಂಕಿನ ತಳದಲ್ಲಿತ್ತು. ತಂದು ಅವಳ ಮಡಿಲಿಗೆ ಹಾಕಿದೆ. "ತಪ್ಪಾತು ಮರೆವ್ವಾ" ಎಂದೆ.

ನನ್ನ ಹಿಂದೆಯೇ ಹನುಮಪ್ಪನ ಹೆಂಡತಿ ರಾಯವ್ವ ಸೀರೆ ಹಿಡಿದು ಬಂದರು. ಗಂಡನ ಕಡೆ ತಿರುಗಿ, "ಎಮ್ಮಿ ಕಟ್ಟಾಕ ನಡಿತೈತಿ, ಕೌದಿ ಹಾಸಾಕ ನಡಿಯಂಗಿಲ್ಲೇನು?" ಎಂದು ಗದರಿದರು. ಹನುಮಪ್ಪ ಎಮ್ಮೆಯನ್ನು ನೋಡಿದರು, ಬೋರ್ಡನ್ನು ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದರು. ಸಂಜೆಯೊಳಗೆ ಉಳಿದ ಮನೆಗಳಿಂದಲೂ ಉಟ್ಟ ಸೀರೆಗಳು ಬಂದವು, ಹನುಮಪ್ಪನ ಹಳೆಯ ಧೋತರವೂ ಬಂತು.

ಮರೆವ್ವ ಶಾಲುಗಳನ್ನು ಬಿಚ್ಚಲಿಲ್ಲ. ಅವುಗಳ ಮೇಲೆಯೇ ನಮ್ಮ ಸೀರೆಗಳನ್ನಿಟ್ಟು ಹೊಲಿದಳು.

ಕೂಸಿಗೆ ಈಗ ಮೂರು ತಿಂಗಳು. ನೋಡಲು ಬಂದವರಿಗೆಲ್ಲ ಪೂನಮ್ ಕೌದಿಯ ಒಂದೊಂದು ತುಂಡು ಮುಟ್ಟಿ ತೋರಿಸುತ್ತಾಳೆ. ನನ್ನದರ ಮೇಲೆ ಕೈಯಿಟ್ಟು, "ಇದು ಬಾಯಾರದು. ಅತ್ತಿ ಕೇಳೂದ ತಡ, ಕೊಟ್ಟಬಿಟ್ರಂತ" ಎನ್ನುತ್ತಾಳೆ. ಮರೆವ್ವ ನನ್ನ ಮುಖ ನೋಡುವುದಿಲ್ಲ, ಸೂಜಿಗೆ ದಾರ ಪೋಣಿಸುತ್ತಿರುತ್ತಾಳೆ.