ಹೂಂ ಅಂದವರ ಪಟ್ಟಿ

ಕಾಗವಾಡದ ಹತ್ತಿರ ದ್ರಾಕ್ಷಿ ಪರೀಕ್ಷೆ ಮಾಡುವ ಸಣ್ಣ ಪ್ರಯೋಗಾಲಯದಲ್ಲಿ ಮೇಲ್ ಕಳಿಸುವುದು ನನ್ನ ಕೆಲಸ. ಕೊಯ್ಲಿಗೆ ಮೊದಲು ರೈತರು ಗೊಂಚಲು ತಂದುಕೊಡುತ್ತಾರೆ. ಹಣ್ಣಿನಲ್ಲಿ ಸಿಂಪಡಿಸಿದ ಔಷಧಿಯ ಅಂಶ ಎಷ್ಟು ಉಳಿದಿದೆ ಎಂದು ಒಳಗಿನವರು ನೋಡುತ್ತಾರೆ, ನಾನು ವರದಿ ಕಳಿಸುತ್ತೇನೆ. ಹಿಂದೊಮ್ಮೆ ಫೋನಿನಲ್ಲಿ ಹೇಳಿದ್ದು ಒಂದು, ಕೇಳಿದ್ದು ಇನ್ನೊಂದಾಗಿ ದೊಡ್ಡ ಜಗಳವೇ ಆಯಿತು. ಅಂದಿನಿಂದ ವರದಿಯನ್ನು ಬಾಯಲ್ಲಿ ಹೇಳುವ ಹಾಗಿಲ್ಲ.

ಮೊದಲು ನಮ್ಮ ಮೇಲ್‌ಗಳು ಹತ್ತಾರು ಕಂಪನಿಗಳು ಹಂಚಿಕೊಂಡ ಒಂದೇ ಐಪಿ ವಿಳಾಸದಿಂದ, ಅಂದರೆ ಅಂತರ್ಜಾಲದ ಒಂದೇ ಮನೆ ನಂಬರಿನಿಂದ, ಹೋಗುತ್ತಿದ್ದವು. ಅವರಲ್ಲಿ ಯಾರೋ ಲಾಟರಿ ಆಸೆ ತೋರಿಸುವ ಮೇಲ್ ಬಿಟ್ಟು, ಅವರ ಜೊತೆ ನಮ್ಮ ಮರ್ಯಾದೆಯೂ ಹೋಯಿತು, ನಮ್ಮ ವರದಿಗಳೂ ಸ್ಪ್ಯಾಮಿಗೆ ಬೀಳತೊಡಗಿದವು. ದೀಪಾವಳಿ ಮುಗಿದ ಮೇಲೆ ಸಾಹೇಬರು ನಮಗೆಂದೇ ಪ್ರತ್ಯೇಕ ವಿಳಾಸ ಕೊಂಡರು. ನಾನು ಖುಷಿಯಿಂದ ಪೇಡೆ ಹಂಚಿದೆ.

ನಿಪ್ಪಾಣಿಯಿಂದ ಅದನ್ನು ಜೋಡಿಸಲು ಬಂದವರು ಪೇಡೆ ತಿನ್ನುತ್ತಲೇ ನನ್ನ ಖುಷಿ ಇಳಿಸಿದರು. "ಹೊಸ ವಿಳಾಸ ಅಂದ್ರ ಯಾರೂ ನಂಬಂಗಿಲ್ರಿ ಮೇಡಂ. ದಿನಾ ಐವತ್ತು ಮಂದಿಗೆ ಕಳಸ್ರಿ. ಅವರು ತಗದು ಓದಬೇಕು. ಆಮೇಲೆ ನೂರು, ಇನ್ನೂರು ಅಂತ ಏರಸ್ರಿ. ಒಮ್ಮೆಲೇ ಎಲ್ಲಾರಿಗೂ ಬಿಟ್ರಿ ಅಂದ್ರ ಎಲ್ಲಾ ಸ್ಪ್ಯಾಮಿಗೆ ಹೋಗ್ತಾವು." ಫೆಬ್ರವರಿಗೆ ಕೊಯ್ಲು. ಅಷ್ಟರೊಳಗೆ ಈ ವಿಳಾಸ ನಂಬಿಕೆ ಗಳಿಸದಿದ್ದರೆ, 'ಇನ್ನೂ ಕೊಯ್ಯಬೇಡಿ' ಎಂಬ ವರದಿ ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತದೆ, ರೈತರು ಹಣ್ಣು ಕೊಯ್ದು ಕಳಿಸಿಬಿಡುತ್ತಾರೆ. ಅಂಥ ಹಣ್ಣನ್ನು ಯಾವ ಖರೀದಿದಾರರೂ ಮುಟ್ಟುವುದಿಲ್ಲ.

ದಿನವೂ ಕಳಿಸಲು ಹವಾಮಾನದ ಒಂದು ಸಣ್ಣ ಟಿಪ್ಪಣಿ ತಯಾರು ಮಾಡಿದೆ: ಇಂದು ಮೋಡ, ಎಲೆಗೆ ದಾವಣಿ ಬೂಜುರೋಗ ಬರಬಹುದು, ನೋಡಿಕೊಳ್ಳಿ. ಐವತ್ತು ಹೆಸರು ಆರಿಸುವಾಗ ನನ್ನ ಬುದ್ಧಿ ಲಗ್ನಪತ್ರಿಕೆ ಹಂಚುವ ದಾರಿ ಹಿಡಿಯಿತು. ಮೊದಲು ಹಿರಿಯರಿಗೆ, ಆಮೇಲೆ ಬೀಗರಿಗೆ, ಆಮೇಲೆ ಉಳಿದವರಿಗೆ. ಹೀಗೆ ಬೆಳೆಗಾರರ ಸಂಘದ ಅಧ್ಯಕ್ಷರು, ಅಥಣಿ, ಚಿಕ್ಕೋಡಿಯ ಅಧಿಕಾರಿಗಳು, ಐವತ್ತು ಎಕರೆಯ ಧಣಿಗಳು ಪಟ್ಟಿಗೆ ಬಂದರು. ದೊಡ್ಡವರನ್ನು ಬಿಟ್ಟು ಸಣ್ಣವರಿಗೆ ಮೊದಲು ಕಳಿಸಿದರೆ ಏನಂದುಕೊಂಡಾರು ಎಂಬ ಹೆದರಿಕೆ ಬೇರೆ.

ಅವರು ಏನೂ ಅಂದುಕೊಳ್ಳಲಿಲ್ಲ, ಏಕೆಂದರೆ ಒಬ್ಬರೂ ತೆರೆದು ನೋಡಲಿಲ್ಲ. ಎಂಟು ದಿನಕ್ಕೆ ನಮ್ಮ ವಿಳಾಸದ ಮೇಲಿನ ನಂಬಿಕೆ ತೋರಿಸುವ ಗೆರೆ ನೆಲ ಕಚ್ಚಿತು. ನಿಪ್ಪಾಣಿಯವರು ಫೋನಿನಲ್ಲಿ ನಕ್ಕರು. "ದೊಡ್ಡವರು ಬ್ಯಾಡ್ರಿ, ಓದವ್ರು ಬೇಕು."

ಓದುವವರು ಯಾರೆಂದು ಹುಡುಕುತ್ತ, ನಾನು ಎಂದೂ ತೆರೆಯದಿದ್ದ ಒಂದು ಮೇಲ್ ಪೆಟ್ಟಿಗೆ ತೆರೆದೆ. ನಮ್ಮ ಪ್ರತಿ ಮೇಲ್‌ನ ಕೆಳಗೂ 'ಇದಕ್ಕೆ ಉತ್ತರಿಸಬೇಡಿ' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಆದರೂ ಉತ್ತರಿಸಿದವರ ಮಾತು ಬಂದು ಬೀಳುವ ಜಾಗ ಅದು. ಅಲ್ಲಿ ಸಾಲಾಗಿ ಒಂದೇ ಹೆಸರು, ಒಂದೇ ಉತ್ತರ. ಹೂಂ. ಹೂಂ. ಹೂಂ. ಎರಡು ವರ್ಷದಲ್ಲಿ ನಾವು ಕಳಿಸಿದ ಒಂದೊಂದಕ್ಕೂ ಇತ್ತು.

ಅವರು ಎರಡೆಕರೆ ತೋಟ ಮಾಡಿಕೊಂಡಿರುವ ವಯಸ್ಸಾದ ಹೆಣ್ಣುಮಗಳು. ಕೂಡಲೇ ಫೋನ್ ಮಾಡಿದೆ.

"ಆಯಿ, ನೀವು ಪ್ರತಿ ಸಲ ಹೂಂ ಅಂತ ಯಾಕ ಬರೀತೀರಿ?"

"ಮತ್ತ? ಹೇಳವ್ರು ಹೇಳಾಕತ್ತಾಗ ಕೇಳವ್ರು ಹೂಂ ಅನ್ನಬೇಕಲ್ಲವ್ವಾ. ಇಲ್ಲಂದ್ರ ಕೇಳಾಕತ್ತಾರೋ ಮಲಗ್ಯಾರೋ ಹೆಂಗ ಗೊತ್ತಾಗಬೇಕು?" ಮತ್ತೆ ಅವರೇ ಕೇಳಿದರು, "ಹಂಗಾರ ನೀವು ಓದಿದ್ದಿಲ್ಲೇನು?"

ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋಗುವಂತಾಯಿತು. ಇದ್ದದ್ದು ಇದ್ದ ಹಾಗೆ ಹೇಳಿದೆ, ಹೊಸ ವಿಳಾಸಕ್ಕೆ ಓದುವವರು ಬೇಕಾಗಿರುವುದನ್ನೂ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಇರ್ಲಿ ಬಿಡು. ನಮ್ಮ ದ್ರಾಕ್ಷಿ ಗುಂಪಿನ ಹೆಣ್ಮಕ್ಕಳಿಗೂ ಹೇಳ್ತೀನಿ. ಅವರೂ ಅಂತಾರ."

ದೊಡ್ಡವರ ಪಟ್ಟಿ ಹರಿದು ಹಾಕಿ, ಆ ಗುಂಪಿನ ಹೆಸರುಗಳಿಂದ ಹೊಸದು ಶುರು ಮಾಡಿದೆ. ಬೆಳಿಗ್ಗೆ ಏಳಕ್ಕೆ ಟಿಪ್ಪಣಿ ಹೋದರೆ ಎಂಟರೊಳಗೆ ಉತ್ತರ. ಕೆಲವರದು ಹೂಂ, ಮರಾಠಿಯವರದು ಹೋ. ಒಬ್ಬಾಕೆ ಎಲೆಯ ಫೋಟೋ ಕಳಿಸಿ ಇದೇನು ಚುಕ್ಕಿ ಎಂದು ಕೇಳಿದಳು. ಅವರನ್ನು ನೋಡಿ ರಾಯಬಾಗದ ಕಡೆಯ ರೈತರೂ ಬರೆಯತೊಡಗಿದರು. ಗೆರೆ ಮೇಲೇಳತೊಡಗಿತು. ಐವತ್ತು ನೂರಾಯಿತು, ನೂರು ಐನೂರಾಯಿತು. ಎಲ್ಲೋ ಸಮುದ್ರದ ಆಚೆ, ನಮ್ಮ ಊರಿನ ಹೆಸರೂ ಕೇಳದ ಯಂತ್ರಗಳು, ಯಾವ ಮೇಲ್ ಒಳಗೆ ಬಿಡಬೇಕೆಂದು ಕಾವಲು ಕೂತಿರುತ್ತವಂತೆ. ಅವಕ್ಕೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಇಲ್ಲೊಬ್ಬ ಹೆಣ್ಣುಮಗಳು ಬಳ್ಳಿಯ ಕೆಳಗೆ ನಿಂತು, ಮಣ್ಣು ಮೆತ್ತಿದ ಬೆರಳಿನಲ್ಲಿ ಹೂಂ ಎಂದು ಒತ್ತಿದರೆ ಅಲ್ಲಿ ಬಾಗಿಲು ಒಂದಿಷ್ಟು ಸರಿಯುತ್ತದೆ. ನನಗೆ ಇವತ್ತಿಗೂ ಇದು ಪೂರ್ತಿ ನಂಬಿಕೆಯಾಗಿಲ್ಲ.

ಫೆಬ್ರವರಿ ಬಂತು. ಒಂದು ಬೆಳಿಗ್ಗೆ ವರದಿಗಳು ಒಟ್ಟಿಗೆ ಹೋದವು. ಹೋದ ಮೇಲೆ ಸಾಲು ನೋಡುತ್ತ ಬಂದರೆ ಆಯಿಯ ಹೆಸರಿನ ಮುಂದೆ ಕೆಂಪು ಗುರುತು. ಔಷಧಿಯ ಅಂಶ ಜಾಸ್ತಿ ಇದೆ, ಹನ್ನೆರಡು ದಿನ ಕಾಯಬೇಕು. ಅವರ ತೋಟಕ್ಕೆ ಕೊಯ್ಯುವವರು ಮರುದಿನವೇ ಬರುವವರಿದ್ದರು. ಫೋನ್ ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ಬಾಯಲ್ಲಿ ಹೇಳಬಾರದೆಂಬ ನಿಯಮವೊಂದೇ ಅಲ್ಲ, ಮೂರು ತಿಂಗಳು ಕಟ್ಟಿದ್ದು ನಿಂತಿದೆಯೋ ಇಲ್ಲವೋ ನೋಡಬೇಕಿತ್ತು. ಸಂಜೆಯವರೆಗೆ ಉತ್ತರ ಬರದಿದ್ದರೆ ನಿಯಮ ಗಾಳಿಗೆ ತೂರಿ ಅವರ ತೋಟಕ್ಕೇ ಹೋಗುವುದು ಎಂದು ನಿರ್ಧರಿಸಿದೆ. ಎಂಟಾಯಿತು, ಹತ್ತಾಯಿತು, ಉತ್ತರವಿಲ್ಲ. ಡಬ್ಬಿಯ ರೊಟ್ಟಿ ತಿನ್ನುತ್ತಲೂ ಪೆಟ್ಟಿಗೆ ತೆರೆದು ತೆರೆದು ನೋಡಿದೆ.

ಎರಡರ ಸುಮಾರಿಗೆ ಬಂತು. "ಹೂಂ. ಕೊಯ್ಯಾವ್ರ ಮನಿಗೆ ಹೋಗಿ ಹನ್ನೆರಡ ದಿನಾ ಬಿಟ್ಟ ಬರ್ರಿ ಅಂತ ಹೇಳಿ ಬಂದೆ. ಅದಕ್ಕ ತಡಾ ಆತು. ನೀ ಓದಿದೇನು?"

ಕೀಲಿಮಣೆಯ ಮೇಲೆ ಕೈಯಿಟ್ಟವಳಿಗೆ ಅಳು ಬಂತು. ಎರಡು ವರ್ಷ ಆ ಹೆಣ್ಣುಮಗಳು ಗೋಡೆಗೆ ಹೂಂ ಅಂದಿದ್ದರು. ಕಣ್ಣೊರೆಸಿಕೊಂಡು, ಆ ಪೆಟ್ಟಿಗೆಯಿಂದ ಮೊದಲ ಸಲ ಉತ್ತರ ಬರೆದೆ.

"ಹೂಂ, ಆಯಿ."