ಮೊದಲ ಮುದ್ದೆ

‘ತಾಳಿದವನು ಬಾಳಿಯಾನು’ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತಾಳುವುದಕ್ಕೆ ಮೊದಲು ಹೊಟ್ಟೆಗೆ ಏನಾದರೂ ಬೀಳಬೇಕಲ್ಲ! ನಮ್ಮ ಅತ್ತಿಗೆ ಗೌರಮ್ಮನಿಗೆ ಈ ಗಾದೆ ಹೇಳದವರು ನಮ್ಮೂರು ಅಬ್ಬಿಗೆರೆಯಲ್ಲೇ ಇರಲಿಲ್ಲ. ಹೇಳಿದವರೆಲ್ಲ ಉಂಡು ಬಂದವರೇ.

ಅರವತ್ತೊಂದನೇ ಇಸವಿಯ ಮಾತು. ಯಶವಂತಪುರದ ಕಡೆ ಕಾರ್ಖಾನೆಯೊಂದು ಬಂದು ನಮ್ಮ ಹೊಲದ ಮುಕ್ಕಾಲು ಪಾಲು ನುಂಗಿತ್ತು. ಹೊಲ ಕೊಟ್ಟ ಮನೆಗೊಂದು ಕೆಲಸ ಎಂದರು. ನಮ್ಮಣ್ಣ ಲಕ್ಕಣ್ಣನಿಗೆ ಅಕ್ಷರ ಬಾರದು. ಮಿಡ್ಲ್ ಸ್ಕೂಲು ಮುಗಿಸಿದ್ದ ಅತ್ತಿಗೆಗೆ ಆ ಕೆಲಸ ಸಿಕ್ಕಿತು. ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸುರುಳಿ ಸುತ್ತಬೇಕು. ಕೈ ತುಸು ನಡುಗಿದರೂ ತಂತಿ ಪಟ್ಟನೆ ಕಡಿಯುತ್ತದೆ. ಒಂದು ವರ್ಷ ಕೆಲಸ ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂದಿದ್ದರು. ಉಳಿದ ಚೂರು ತೋಟದಿಂದ ಐದು ಜನರ ಹೊಟ್ಟೆ ತುಂಬುವಂತಿರಲಿಲ್ಲ, ಹಾಗಾಗಿ ಮನೆಯೆಲ್ಲ ಅತ್ತಿಗೆಯ ಬೆರಳುಗಳನ್ನೇ ನಂಬಿಕೊಂಡಿತ್ತು.

ಆ ಬೆರಳಿಗೆ ಅನ್ನ ಹಾಕುವವರು ಮಾತ್ರ ಇಲ್ಲ! ನಸುಕಿಗೇ ಎದ್ದು ಅತ್ತಿಗೆ ಒಲೆ ಹಚ್ಚಿ, ಸೊಪ್ಪಿನ ಸಾರು ಮಾಡಿ, ರಾಗಿ ಹಿಟ್ಟು ತೊಳಸಿ, ಮುದ್ದೆ ಕಟ್ಟಬೇಕು. ಮಡಕೆಯಿಂದ ತೆಗೆದ ಮೊದಲ ಮುದ್ದೆ ನಮ್ಮಪ್ಪ ಮುನಿರಾಮಯ್ಯನದು. ಅಪ್ಪ ತೋಟದಿಂದ ಬಂದು ಅದನ್ನು ಮುರಿಯುವ ತನಕ ಹೆಂಗಸರು ಬಾಯಿಗೆ ತುತ್ತು ಹಾಕಬಾರದು. ಇದು ನಮ್ಮಮ್ಮ ಸುಬ್ಬಮ್ಮನ ಕಟ್ಟಳೆ, ಅವಳ ಅತ್ತೆಯಿಂದ ಬಂದದ್ದು. ಅಪ್ಪ ಬರುವುದು ಬಿಸಿಲೇರಿದ ಮೇಲೆ, ಕಾರ್ಖಾನೆಯ ಸೈರನ್ನು ಕೂಗುವುದು ಅದಕ್ಕೆ ಎಷ್ಟೋ ಮೊದಲೇ. ಅತ್ತಿಗೆ ಒಂದು ಲೋಟ ಬೆಲ್ಲದ ಕಾಫಿ ಕುಡಿದು ಗದ್ದೆ ಬದುವಿನ ಮೇಲೆ ಓಡುತ್ತಿದ್ದಳು.

ಅವಳು ಕೆಲಸದ ಮೇಜಿನ ಮೇಲೇ ಒಂದು ಸಲ ತಲೆ ಸುತ್ತಿ ಬಿದ್ದಳು. ಇನ್ನೊಂದು ಸಲವೂ ಬಿದ್ದಾಗ ಅಲ್ಲಿನ ನರ್ಸಮ್ಮ ಸಿಡುಕಿದರಂತೆ. “ಔಷಧಿ ಏನೂ ಬೇಡಮ್ಮ ನಿಂಗೆ. ಬೆಳಗ್ಗೆ ಹೊಟ್ಟೆ ತುಂಬಾ ತಿಂದು ಬಾ. ಸಂಜೆ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊ. ಮತ್ತೆ ಬಿದ್ರೆ ನಾನು ಮೇಲಿನವರಿಗೆ ಹೇಳ್ಲೇಬೇಕಾಗುತ್ತೆ.”

ಸುಮ್ಮನೆ ಕೂರುವುದನ್ನು ಅತ್ತಿಗೆ ಅಂದೇ ಶುರು ಮಾಡಿದಳು. ಮನೆಗೆ ಬರುವ ಮುಂಚೆ ಕೆರೆ ಏರಿಯ ಕೆಳಗೆ ಕಾಲು ನೀರಿಗಿಳಿಸಿ ಒಂದಷ್ಟು ಹೊತ್ತು ಕೂತು ಬರುತ್ತಿದ್ದಳು. ಅದನ್ನೂ ಊರು ಸಹಿಸಲಿಲ್ಲ. “ಮನೇಲಿ ಕಸ ಬಿದ್ದದೆ, ಸೊಸೆ ಕೆರೆ ನೋಡ್ತಾ ಕೂತವ್ಳೆ” ಎಂದು ಯಾರೋ ಚಾಡಿ ಹೇಳಿದರು. ಅಮ್ಮ ರೇಗಿದಳು. ಅತ್ತಿಗೆ ಮರುದಿನವೂ ಕೂತು ಬಂದಳು. ಆದರೆ ಊಟದ ವಿಷಯಕ್ಕೆ ಅವಳಿಗೂ ಬಾಯಿ ಬರಲಿಲ್ಲ. ನಾನೇ ಕೇಳಿದೆ. “ಅಮ್ಮ, ಅತ್ತಿಗೆಗೆ ಒಂದ್ ಮುದ್ದೆ ಕೊಟ್ರೆ ಏನಾಯ್ತದೆ?”

“ಮನೆ ಯಜಮಾನ ಉಣ್ಣೋಕ್ ಮುಂಚೆ ಹೆಂಗ್ಸು ಉಂಡ್ರೆ ಮನೆ ಉದ್ಧಾರ ಆಯ್ತದಾ? ನಾನು ಇಂಗೇ ಬಾಳಿಲ್ವಾ?” ಎಂದಳು ಅಮ್ಮ. ಗೋಡೆಗೆ ಹಣೆ ಚಚ್ಚಿಕೊಂಡ ಹಾಗಾಯಿತು ನನಗೆ.

ವರ್ಷ ತುಂಬುವುದಕ್ಕೆ ಬಂತು. ಒಂದು ಬೆಳಗ್ಗೆ ಅತ್ತಿಗೆ ಒಲೆ ಮುಂದಿನಿಂದ ಏಳುವಾಗ ಗೋಡೆ ಹಿಡಿದುಕೊಂಡಳು. ಒಂದು ಗಳಿಗೆ ಹಾಗೇ ನಿಂತಿದ್ದಳು. ಆಮೇಲೆ ಬಟ್ಟೆಯಲ್ಲಿ ಮುಚ್ಚಿಟ್ಟಿದ್ದ ಮೊದಲ ಮುದ್ದೆಯನ್ನೇ ತಟ್ಟೆಗೆ ಹಾಕಿ, ಸಾರು ಬಿಟ್ಟುಕೊಂಡು, ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಕದ್ದು ತಿನ್ನಬಹುದಿತ್ತು, ತಿನ್ನಲಿಲ್ಲ. ನನಗೆ ಖುಷಿಯೂ ಆಯಿತು, ಭಯವೂ ಆಯಿತು.

“ಅಯ್ಯೋ, ನಿಮ್ಮಾವನ ಮುದ್ದೆ ಕಣೇ!” ಎಂದು ಅಮ್ಮ ಕಿರುಚಿದಳು. ಅತ್ತಿಗೆ ಏಳಲಿಲ್ಲ.

“ಅತ್ತೆಮ್ಮ, ಇವತ್ತು ಬಿದ್ರೆ ಕೆಲ್ಸ ಓಯ್ತದೆ. ಆಮೇಲೆ ಯಾರಿಗೂ ಮುದ್ದೆ ಇರಲ್ಲ” ಎಂದಳು. ಕಣ್ಣಲ್ಲಿ ನೀರಿತ್ತು, ತುತ್ತು ಮಾತ್ರ ನಿಲ್ಲಲಿಲ್ಲ.

ಅಮ್ಮ ಕೊಟ್ಟಿಗೆಗೆ ಓಡಿ, ತೋಟಕ್ಕೆ ಹೊರಟಿದ್ದ ಅಪ್ಪನನ್ನು ಎಳೆದು ತಂದಳು. ಅಪ್ಪ ಹೆಚ್ಚು ಮಾತಿನವರಲ್ಲ. ತಟ್ಟೆ ನೋಡಿದರು, ಸೊಸೆಯ ಮುಖ ನೋಡಿದರು.

“ತಿನ್ನವ್ವ” ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, “ಆ ಮುದ್ದೆ ನಂಗ್ಯಾಕೆ? ನಾನು ಬರೋ ಒತ್ಗೆ ಕಲ್ಲಾಗಿರ್ತದೆ. ಬಂದ್ಮೇಲೆ ಒಂದು ಬಿಸೀದು ಕಟ್ಕೊಟ್ರೆ ಸಾಕು ಅಂತ ಮದ್ವೆ ಆದಾಗಿಂದ ಅಂದ್ಕೊತಾ ಇವ್ನಿ” ಎಂದರು.

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. “ಅಂಗಂತ ಒಂದ್ ಮಾತು ಅನ್ಬಾರ್ದಿತ್ತಾ?”

“ನೀನು ಕೇಳ್ಲಿಲ್ಲ, ನಾನು ಅನ್ಲಿಲ್ಲ” ಎಂದು ಅಪ್ಪ ಗುದ್ದಲಿ ಹೆಗಲಿಗೇರಿಸಿ ಹೊರಟುಹೋದರು. ಅಷ್ಟೇ! ಇಷ್ಟು ವರ್ಷದ ಹಸಿವಿಗೆ ಸಿಕ್ಕ ಉತ್ತರ ಅಷ್ಟೇ. ನನಗೆ ಅವರ ಮೇಲೆ ಸಿಟ್ಟು ಬಂತು, ಅಮ್ಮನ ಮೇಲೂ ಬಂತು.

ಅಂದಿನಿಂದ ಅತ್ತಿಗೆ ಉಂಡೇ ಹೊರಡುತ್ತಿದ್ದಳು. ಎಷ್ಟೇ ಅವಸರವಿದ್ದರೂ ಕೂತು, ನಿಧಾನವಾಗಿ ಉಣ್ಣುತ್ತಿದ್ದಳು. ಸಂಜೆ ಕೆರೆಯನ್ನೂ ಬಿಡಲಿಲ್ಲ. ಮೇಸ್ತ್ರಿ ಬೈದ ದಿನವೂ ತಂತಿ ಕಡಿಯುತ್ತಿರಲಿಲ್ಲವಂತೆ. ಕೆಲಸ ಕಾಯಂ ಆಯಿತು. ಊರಿನವರು “ಗೌರಮ್ಮಂದು ಗಟ್ಟಿ ಜೀವ” ಎನ್ನತೊಡಗಿದರು. ಗಟ್ಟಿ ಮಾಡಿದ್ದು ಏನೆಂದು ಒಬ್ಬರೂ ಕೇಳಲಿಲ್ಲ.

ಅಮ್ಮ ಮಾತ್ರ ಬದಲಾಗಲಿಲ್ಲ. ಅಪ್ಪನಿಗೆ ಬಿಸಿ ಮುದ್ದೆ ಕಟ್ಟಿಕೊಟ್ಟು, ಎಲ್ಲರ ಊಟ ಆದ ಮೇಲೆ ಮಡಕೆ ಕೆರೆದು ತಳ ಹತ್ತಿದ ಸೀಕು ತಿನ್ನುತ್ತಿದ್ದಳು. ಒಂದು ದಿನ ನಾನು ತಟ್ಟೆಗೆ ಬಡಿಸಿ ಅವಳ ಮುಂದೆ ಕುಕ್ಕಿದೆ.

“ಈಗಾದ್ರೂ ಒತ್ಗೆ ಸರಿಯಾಗಿ ತಿನ್ನಮ್ಮ. ಇನ್ಯಾರು ಬ್ಯಾಡ ಅಂತಾರೆ ನಿಂಗೆ?”

ಅಮ್ಮ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದಳು. “ಗೌರಂದು ತಂತಿ ಸುತ್ತೋ ಕೈ. ನನ್ ಕೈ ನಡುಗಿದ್ರೆ ಯಾವ್ ಕೆಲ್ಸ ಓಯ್ತದೆ ಬುಡು” ಎಂದಳು.

ತಟ್ಟೆ ತಳ್ಳಿದ ಆ ಕೈ ನಡುಗುತ್ತಿತ್ತು.